ನಲ್ವತ್ತನೇ ದಿನದ ಆಡು

ಗಲ್ಫಿನ ಗ್ಯಾರೇಜಿನಲ್ಲಿ ಜಾಕ್ ಜಾರಿ ಲಾರಿಯ ಅಡಿಯಲ್ಲಿ ಮಮ್ಮದ್ ಸತ್ತು ಮೂವತ್ತೊಂಬತ್ತು ದಿನವಾಗಿತ್ತು. ಜಾಕ್ ಕೊಟ್ಟವನು ಪಠಾಣ ಜರ್ಗುಲ್. ಲಾರಿಗೆ ಆಧಾರದ ಸ್ಟ್ಯಾಂಡ್ ಇಡದೆ ಚಹಾಕ್ಕೆ ಹೋಗಿದ್ದ. ಗ್ಯಾರೇಜಿನ ಮೂರು ಸ್ಟ್ಯಾಂಡುಗಳಲ್ಲಿ ಎರಡು ಮುರಿದು ವರ್ಷವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಜರ್ಗುಲ್‌ಗೆ ಮಾಫಿಯೋ ಜೈಲೋ ಎಂದು, ಅಲ್ಲಿಯ ಕಾನೂನಿನಂತೆ, ಮಮ್ಮದನ ತಮ್ಮ ಹಕೀಂ ಭಾನುವಾರ ಠಾಣೆಯಲ್ಲಿ ಹೇಳಬೇಕಿತ್ತು. ಹೆತ್ತ ಉಮ್ಮ ಊರಿನಿಂದ ಅಧಿಕಾರಪತ್ರ ಕಳಿಸಿದ್ದು ಅವನ ಹೆಸರಿಗೆ. ಜೈಲು ಎಂದೇ ನಿಶ್ಚಯಿಸಿದ್ದ. ಸಿಟ್ಟಿನಿಂದಲ್ಲ. ಸಿಟ್ಟು ಮೊದಲ ವಾರವೇ ಮುಗಿದು, ಕಾಲು ಜೋಮು ಹಿಡಿದ ಹಾಗೆ ಒಳಗೆಲ್ಲ ಮರಗಟ್ಟಿತ್ತು.

ಗುರುವಾರ ಸಂಜೆ, ಜಾಮೀನಿನಲ್ಲಿದ್ದ ಜರ್ಗುಲ್ ವಾದಿ ಅದಾಯ್‌ನ ಹಕೀಂ ಮತ್ತು ಊರವರ ಕೋಣೆಯ ಬಾಗಿಲಿಗೆ ಬಂದ. ಪಗಡಿ ಬಿಚ್ಚಿ ಕೊರಳಿಗೆ ಹಾಕಿಕೊಂಡಿದ್ದ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಪ್ಪು ಆಡು. ಹಗ್ಗವನ್ನು ಮುಂದೆ ಚಾಚಿದ, ಅಷ್ಟೇ.

"ನಾಳೆ ನಲ್ವತ್ತಲ್ವ, ದುಆದ ಊಟಕ್ಕೆ ತಂದದ್ದು," ಅಂದರು ಅಡುಗೆಯ ಉಮ್ಮರಾಕ. "ತಗೊಳ್ಳುದಾ ಹಕೀಂ?"

"ತಗೊಳ್ಳಿ. ಆಡು ಎಂತ ತಪ್ಪು ಮಾಡಿದ್ದು?"

ನಲ್ವತ್ತರ ಊಟಕ್ಕೆ ಬಂದದ್ದನ್ನು ಬೇಡ ಅನ್ನುವ ಪದ್ಧತಿ ಅವರ ಊರಲ್ಲಿಲ್ಲ.

ಶುಕ್ರವಾರ ಜುಮಾ ನಮಾಜು ಮುಗಿಸಿ ಎಲ್ಲರೂ ಊಟಕ್ಕೆ ಕೂತರು. ತುಪ್ಪದನ್ನ, ಆಡಿನ ಸಾರು.

"ಉಪ್ಪು ಸಾಕಾ ಹಕೀಂ?"

"ಗೊತ್ತಾಗ್ಲಿಲ್ಲ ಉಮ್ಮರಾಕ."

"ಹಾಗಾದ್ರೆ ಕಮ್ಮಿ. ಮಮ್ಮದ್ ಇದ್ದಿದ್ರೆ ನನ್ನ ಮರ್ಯಾದೆ ತೆಗೀತಿದ್ದ."

ಮೂಲೆಯಲ್ಲಿ ಕೂತ ಜರ್ಗುಲ್ ತಾನು ತಿನ್ನದೆ ಹಕೀಮನ ಕೈಯನ್ನೇ ನೋಡುತ್ತಿದ್ದ. ಹಕೀಂ ಮಾಂಸ ನುಂಗಿದ್ದೇ ತಡ, ವೀಡಿಯೊ ಕರೆ ಹಚ್ಚಿ ಫೋನ್ ಮುಂದಿಟ್ಟ. ತೆರೆಯ ಮೇಲೆ ಬಿಳಿ ಗಡ್ಡದ ಮುದುಕ, ಸುತ್ತ ಏಳೆಂಟು ಹಿರಿಯರು. ಹಿಂದೆ ಕೋಟೆಯಂಥ ಮಣ್ಣಿನ ಮನೆ, ಕಡಿದ ದೇವದಾರುಗಳ ಮೋಟು, ಅದರ ಮೇಲೆ ಆಕಾಶಕ್ಕೆ ಜಾಗ ಬಿಡದ ಬೆಟ್ಟ.

"ನನ್ನ ಬಾಬಾ," ಜರ್ಗುಲ್ ಉರ್ದುವಿನಲ್ಲಿ ಹೇಳಿದ. "ಪಕ್ತಿಯಾ ಸೀಮೆಯ ನಮ್ಮ ಕಣಿವೆಗೆ ಒಂದೇ ದಾರಿ ಭಾಯ್. ಹಿಮ ಬಿದ್ದರೆ ಅದೂ ಇಲ್ಲ. ಪೊಲೀಸರು ಹತ್ತುವುದಿಲ್ಲ. ಕೊಂದವನೂ ಸತ್ತವನ ಮನೆಯವರೂ ಒಂದೇ ತೊರೆಯ ನೀರು ಕುಡಿಯಬೇಕು. ಅದಕ್ಕೆ ಕೊಂದವನು ಆಡು ಹಿಡಿದು ಅವರ ಬಾಗಿಲಿಗೆ ಹೋಗ್ತಾನೆ. ಅವರು ಕೊಯ್ದು ತಿಂದರೆ ಮಾಫಿ. ಖಲಾಸ್. ನೀವು ತಿಂದಿರಿ ಅಂತ ಬಾಬಾ ಅಳ್ತಿದ್ದಾರೆ."

ಹಕೀಂ ತಟ್ಟೆ ನೋಡಿದ. ಚೀಪಿ ಬಿಟ್ಟ ಎಲುಬು.

"ವಾಪಸ್ ಕಳಿಸಿದ್ದರೆ?"

"ಆಮೇಲೆ ನೀವು ಏನು ಮಾಡಿದರೂ ನ್ಯಾಯ."

"ಗೊತ್ತಿರ್ಲಿಲ್ಲ ಅಂತ ಹೇಳು ಮಾರಾಯ," ಉಮ್ಮರಾಕ ಕಿವಿಯ ಹತ್ತಿರ ಬಂದರು. "ಮುದುಕನಿಗೆ ಈಗಲೇ ಹೇಳು."

ಅಷ್ಟರಲ್ಲಿ ತೆರೆಯ ಮೇಲಿನ ಹಿರಿಯರು ಕೈಯೆತ್ತಿ ದುಆ ಶುರು ಮಾಡಿದ್ದರು. ಅರ್ಥವಾಗದ ಮಾತಿನ ನಡುವೆ ಅಣ್ಣನ ಹೆಸರು ಬಂತು. ನಲ್ವತ್ತು ದಿನದಲ್ಲಿ ಕಂಪೆನಿಯ ಒಬ್ಬ ಸಾಹೇಬನ ಬಾಯಲ್ಲೂ ಬಾರದ ಹೆಸರು. ಹಕೀಮನ ಎಂಜಲು ಕೈಯೂ ಅಭ್ಯಾಸಬಲದಿಂದ ಮೇಲೆದ್ದಿತ್ತು. ಇಳಿಸಬೇಕು ಅಂದುಕೊಂಡ. ಇಳಿಯಲಿಲ್ಲ.

ಭಾನುವಾರ ಠಾಣೆಯಲ್ಲಿ "ಮಾಫ್" ಅಂದ.

ಯಾಕೆ ಎಂದು ಅಧಿಕಾರಿ ಕೇಳಿದ.

"ಊಟ ಆಯ್ತು," ಅಂದ ಹಕೀಂ. ಎದೆಯಲ್ಲಿ ಹುಡುಕಿದ, ಅಲ್ಲಿ ಮಾಫಿ ಇರಲಿಲ್ಲ, ಮತ್ತೇನೂ ಇರಲಿಲ್ಲ.

ಹೊರಗೆ ಜರ್ಗುಲ್ ಗಾಡಿಯ ಮುಂದಿನ ಬಾಗಿಲು ತೆರೆದು ನಿಂತಿದ್ದ. ಹಕೀಂ ಅದನ್ನು ದಾಟಿ ಹೋಗಿ ಹಿಂದಿನ ಸೀಟಿನಲ್ಲಿ ಕೂತ.

"ಯಲ್ಲಾ, ಗಾಡಿ ಬಿಡು," ಅಂದ.