ಚೀಟಿ ಮಾವ ಮತ್ತು ಹುಳದ ಗುಳಿಗೆ

ಔಷಧಿಯ ಪೊಟ್ಟಣದೊಳಗೆ ಎಂಟು ಮಡಿಕೆಯಾಗಿ ಅಡಗಿ ಕುಳಿತಿರುವ, ನಾವೆಲ್ಲ ಬಿಡಿಸಿಯೂ ನೋಡದೆ ಬುಟ್ಟಿಗೆಸೆಯುವ ಆ ತೆಳ್ಳನೆಯ ಕಾಗದವನ್ನು ಅವರು ಊರಿಂದ ಬಂದ ಪತ್ರವೇನೋ ಎಂಬಂತೆ ಸವರಿ ಸವರಿ ಓದುತ್ತಿದ್ದರು. ಬಿಳಿ ಕೋಟಿನ ಎಡಜೇಬು ಸದಾ ಅವುಗಳಿಂದ ಉಬ್ಬಿರುತ್ತಿತ್ತು. ಆ ಭಾರಕ್ಕೋ ಏನೋ, ನಡಿಗೆಯೂ ತುಸು ಎಡಕ್ಕೆ ವಾಲುತ್ತಿತ್ತು. ಆಸ್ಪತ್ರೆಯಲ್ಲಿ ಔಷಧಿ ಕೊಡುವ ಈ ಹಿರಿಯರನ್ನು ರೋಗಿಗಳೆಲ್ಲ ಕರೆಯುತ್ತಿದ್ದುದು ಚೀಟಿ ಮಾವ ಎಂದೇ.

ನಮ್ಮ ಮನೆಯಲ್ಲೇ ಇದ್ದ ಅಕ್ಕನ ಮಿದುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ವಿಕಿರಣಗಳೆಲ್ಲ ಮುಗಿದ ಮೇಲೆ ಆಸ್ಪತ್ರೆಯವರು ಅವಳನ್ನೊಂದು ಔಷಧಿ ಪ್ರಯೋಗಕ್ಕೆ ಸೇರಿಸಿಕೊಂಡರು. ಮಹತ್ತರವಾದ ಹೊಸ ಔಷಧಿಯಿರಬೇಕೆಂದು ನಾನೆಣಿಸಿದ್ದರೆ, ಮಾವ ಸಾದಾ ಗುಳಿಗೆಯೊಂದನ್ನು ಎತ್ತಿ ಹಿಡಿದರು.

"ಹೊಟ್ಟೆಹುಳದ್ದಮ್ಮ. ನಿನ್ನ ಮಗಳೂ ನುಂಗಿರ್ತಾಳೆ."

"ತಮಾಷೆ ಮಾಡ್ತಿದ್ದೀರಾ?"

"ಇಷ್ಟು ವರ್ಷ ಇದಕ್ಕೆ ಒಂದೇ ಕೆಲಸ ಕೊಟ್ಟಿದ್ವಿ. ಪ್ರಯೋಗಾಲಯದ ತಟ್ಟೇಲಿ ಗಡ್ಡೆ ಕೋಶಗಳನ್ನ ಕೊಂದಿದೆ. ತಲೇಲಿ ಏನ್ಮಾಡುತ್ತೋ, ಗೊತ್ತಿಲ್ಲ. ನೋಡೋಣ."

ಆ 'ಗೊತ್ತಿಲ್ಲ' ನನ್ನ ನಿದ್ದೆ ಕೆಡಿಸಿತು.

ಮೂರನೆಯ ತಿಂಗಳು ಅಕ್ಕನ ಯಕೃತ್ತಿನ ವರದಿ ಕೆಟ್ಟು ಬಂತು. ಕಾರಣ ಸಿಗದಿದ್ದರೆ ಅವಳನ್ನು ಪ್ರಯೋಗದಿಂದ ಕೈಬಿಡುವುದಾಗಿ ವೈದ್ಯರು ಹೇಳಿದರು. ಅಂದು ಅಕ್ಕ, ಮಾವನಿಗೆಂದು ನಮ್ಮ ಮನೆಯ ಕಸದಬುಟ್ಟಿಯಿಂದ ಆರಿಸಿಟ್ಟಿದ್ದ ಚೀಟಿಗಳ ಕಟ್ಟನ್ನು ಮುಂದಿಟ್ಟಳು. ಕಣ್ಣು ಮಂಜಾಗಿದ್ದರಿಂದ ಅವು ಯಾವ ಔಷಧಿಯವೆಂದು ಅವಳಿಗೆ ತಿಳಿದಿರಲಿಲ್ಲ.

"ತಗೊಳ್ಳಿ ಮಾವ, ಓದ್ತಾ ಕೂತ್ಕೊಳ್ಳಿ."

ಹನ್ನೊಂದು ಚೀಟಿ, ಹನ್ನೊಂದೂ ಹುಳದ ಗುಳಿಗೆಯವು. ಮಾವ ನನ್ನತ್ತ ತಿರುಗಿದರು.

"ಮಗೂಗೆ ಇಷ್ಟೊಂದು ಹುಳಾನಾ?"

"ಅಕ್ಕನಿಗೇ... ಅಂಗಡೀಲಿ ತಂದು, ಪುಡಿ ಮಾಡಿ, ಹಾಲಲ್ಲಿ ಹಾಕ್ತಿದ್ದೆ. ಮಕ್ಕಳೇ ತಿನ್ನೋದಲ್ವಾ, ಜಾಸ್ತಿ ಕೊಟ್ರೆ ಬೇಗ ಗುಣ ಆಗುತ್ತೆ ಅಂದ್ಕೊಂಡೆ."

"ನನ್ನನ್ನ ಕೊಲ್ಲೋಕೆ ಗಡ್ಡೆ ಸಾಲ್ದು ಅಂತ ತಂಗಿನೂ ಸೇರ್ಕೊಂಡ್ಳಾ," ಎಂದಳು ಅಕ್ಕ, ನನ್ನ ಕೈಯನ್ನು ಮಾತ್ರ ಬಿಡದೆ.

ಬೈಗುಳಕ್ಕೆ ತಲೆಯೊಡ್ಡಿ ನಿಂತಿದ್ದೆ. ಮಾವ ಪೆನ್ನು ತೆಗೆದರು. ಕೆನೆಹಾಲೋ, ತೆಳುಹಾಲೋ? ಊಟಕ್ಕೆ ಮೊದಲೋ, ಆಮೇಲೋ? "ಕೊಬ್ಬಿನ ಜೊತೆ ಇದು ರಕ್ತಕ್ಕೆ ಜಾಸ್ತಿ ಇಳಿಯುತ್ತಮ್ಮ," ಎನ್ನುವಾಗ ಅವರ ಕಣ್ಣು ಮಿನುಗಿತು. ಬರೆದು ಮುಗಿಸಿದವರೇ ಎಡಕ್ಕೆ ವಾಲುತ್ತ ವೈದ್ಯರ ಕೋಣೆಗೆ ನಡೆದರು.

ಹಾಲಿಗೆ ನಾನು ಹಾಕುತ್ತಿದ್ದ ಗುಳಿಗೆ ನಿಂತಿತು, ಯಕೃತ್ತು ಚೇತರಿಸಿತು, ಅಕ್ಕ ಪ್ರಯೋಗದಲ್ಲಿ ಉಳಿದಳು. ಗಡ್ಡೆ ಬೆಳೆದಿಲ್ಲ. ಅದು ಗುಳಿಗೆಯ ಗುಣವೇ ಎಂದು ಕೇಳಿದರೆ ಮಾವನದು ಅದೇ ಉತ್ತರ: 'ಗೊತ್ತಿಲ್ಲ.'

ಮನೆಯ ಡಬ್ಬಿಯಲ್ಲಿ ವರ್ಷಗಟ್ಟಲೆ ಕಂಡದ್ದನ್ನೆಲ್ಲ ಬಲ್ಲೆವೆಂದುಕೊಳ್ಳುವವರು ನಾವು. ಅದರ ಮಡಿಕೆಯನ್ನು ಮತ್ತೊಮ್ಮೆ ಬಿಡಿಸುವವರು ಇಂಥವರು. ಹೆದರಿ ಕಾಲೂರಲು ನೆಲ ಹುಡುಕುವವರಿಗೆ, ಅವರು ಪ್ರಾಮಾಣಿಕವಾಗಿ ನುಡಿದ 'ಗೊತ್ತಿಲ್ಲ'ವೇ ಎಷ್ಟೋ ಸಲ ಗಟ್ಟಿ ನೆಲ.