ಹುಚ್ಚಣ್ಣನಿಗೆ ಓದಿ ಹೇಳದ ಮೆಸೇಜು

ಹುಚ್ಚಣ್ಣನ ಹೆಣವನ್ನು ಬಾಳ್ಳುಪೇಟೆಯ ಹೆದ್ದಾರಿಯ ನಡುವೆ ಇಟ್ಟಿದ್ದೆವು. ಎರಡೂ ಕಡೆ ಲಾರಿಗಳು ನಿಂತಿದ್ದವು. ಆನೆ ತುಳಿದು ಸತ್ತವರನ್ನು ನಮ್ಮಲ್ಲಿ ಸುಮ್ಮನೆ ಮಣ್ಣು ಮಾಡುವುದಿಲ್ಲ; ಅಧಿಕಾರಿ ಬಂದು ಉತ್ತರ ಹೇಳುವ ತನಕ ರಸ್ತೆಯಲ್ಲೇ ಇಡುತ್ತೇವೆ. ಸತ್ತ ಮೇಲಾದರೂ ಕೂಲಿಯವನೊಬ್ಬನ ಮುಂದೆ ಸರ್ಕಾರ ಐದು ನಿಮಿಷ ನಿಲ್ಲಲಿ.

ಐದನೇ ಕ್ಲಾಸಿನಿಂದ ಅವನೂ ನಾನೂ ಒಂದೇ ಬೆಂಚು. ಅಕ್ಷರ ಅವನಿಗೆ ಹತ್ತಲೇ ಇಲ್ಲ. ಪಾಠ ನಾನು ಓದಿ ಹೇಳಬೇಕು. ಬದಲಿಗೆ ಅವನು ಮೇಷ್ಟ್ರ ಕೆಮ್ಮು, ನಮ್ಮಪ್ಪ ಸಂತೆಯಲ್ಲಿ ಮೀನು ಕೂಗುವ ಧಾಟಿ ಎಲ್ಲ ಮಾಡಿ ತೋರಿಸುತ್ತಿದ್ದ. ಒಮ್ಮೆ ಮೇಷ್ಟ್ರು ಬಾಗಿಲಲ್ಲೇ ನಿಂತು ತಮ್ಮ ಕೆಮ್ಮನ್ನು ತಾವೇ ಕೇಳಿಸಿಕೊಂಡರು. ಎತ್ತಿದ ಕೋಲು ಕೆಳಗಿಟ್ಟು, "ಇನ್ನೊಂದ್ಸಲ ಮಾಡೋ" ಎಂದರು. ಏಳನೇ ಕ್ಲಾಸಿಗೆ ಅವನು ಶಾಲೆ ಬಿಟ್ಟು ಕಾಫಿ ಎಸ್ಟೇಟಿನ ಕೂಲಿಗೆ ಸೇರಿದ. ಮುಂದೆ ನಾನು ಆಳುಗಳನ್ನು ತೋಟಕ್ಕೆ ಸಾಗಿಸುವ ಜೀಪಿಗೆ ಡ್ರೈವರ್ ಆದೆ.

ಓದಿ ಹೇಳುವುದು ಮಾತ್ರ ನಿಲ್ಲಲಿಲ್ಲ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಹಾಕುತ್ತಾರೆ. ನಾನು ದಿನಾ ಫೋನ್ ಮಾಡಿ ಅವನಿಗೆ ಓದುತ್ತಿದ್ದೆ.

"ಆನೇಗೂ ನನ್ ನಂಬರ್ ಕೊಡೋ ಮಾರಾಯ, ಅದೇ ಹೇಳ್ಬುಟ್ಟು ಬರ್ಲಿ" ಎಂದು ನಗುತ್ತಿದ್ದ.

ಇವತ್ತೂ ಮೆಸೇಜ್ ಬಂದಿತ್ತು. ಕುಂದೂರು ರಸ್ತೆಯ ತೋಟದಲ್ಲಿ ಒಂಟಿ ಸಲಗ, ಯಾರೂ ಹೊರಬರಬೇಡಿ. ನೋಡಿದೆ. ಮೂರು ವಾರದಿಂದ ದಿನವೂ ಅದೇ ಮೆಸೇಜು. ಪಾಲಿಸುತ್ತ ಕೂತರೆ ಕಾಫಿ ಹಣ್ಣು ಕೊಯ್ಯುವವರು ಯಾರು, ಕೊಯ್ಯುವವರು ಉಣ್ಣುವುದೇನು? ಜೀಪಿನಲ್ಲಿದ್ದವರು ಹೊತ್ತಾಯಿತೆಂದು ಗೊಣಗುತ್ತಿದ್ದರು. ಫೋನ್ ಮಾಡಿ ಇಷ್ಟೇ ಹೇಳಿದೆ: "ಬೇಗ ಬಾರೋ, ರಸ್ತೇಲಿ ನಿಂತಿದ್ದೀನಿ."

ಎಸ್ಟೇಟ್ ಆಳುಗಳ ಲೈನ್ ಮನೆಯಿಂದ ರಸ್ತೆಗೆ ಇನ್ನೂರು ಹೆಜ್ಜೆ. ಅರ್ಧ ಬಂದಿದ್ದ.

ಮಧ್ಯಾಹ್ನ ಅಧಿಕಾರಿ ಬಂದರು. ಹೆಣ ನೋಡಲಿಲ್ಲ, ತಮ್ಮ ಮೊಬೈಲ್ ನೋಡಿದರು. "ಐದೂವರೆಗೇ ಮೆಸೇಜ್ ಹೋಗಿದೆ. ಎಚ್ಚರಿಕೆ ಕೊಟ್ಟರೂ ಕೇಳದೆ ಬಂದಿದ್ದಾರೆ. ಮೃತರದೇ ನಿರ್ಲಕ್ಷ್ಯ." ಜೊತೆಗಿದ್ದವನು ಬರೆದುಕೊಂಡ.

"ನಮ್ಮನೆಯವ್ರು ಹೇಳಿದ್ ಮಾತು ಮೀರೋರಲ್ಲ ಸ್ವಾಮಿ" ಎಂದಳು ಹುಚ್ಚಣ್ಣನ ಹೆಂಡತಿ ವಿಶಾಲಮ್ಮ. ಯಾರೂ ಅವಳತ್ತ ತಿರುಗಲಿಲ್ಲ.

ಬೆಳಿಗ್ಗೆಯೇ ನಾನು ಎಲ್ಲ ಹೇಳಿಕೊಂಡಿದ್ದು ನಮ್ಮೂರಿನ ಪ್ರತಾಪ್‌ಗೆ. ರಸ್ತೆ ತಡೆಗೆ ಜನ ಸೇರಿಸಿದವನೂ ಅವನೇ. ಈಗ ನನ್ನ ಕೈ ಅದುಮಿದ. "ಸುಮ್ನಿರು ಮೆಹಬೂಬ್. ಬಾಯ್ ಬಿಟ್ರೆ ಎಲ್ಲಾನೂ ನಿನ್ ತಲೆಗೇ ಕಟ್ತಾರೆ ಕಣೋ."

"ಕಟ್ಲಿ ಬಿಡು. ಸತ್ತೋನ್ ತಲೆಗೆ ಕಟ್ತಾವ್ರಲ್ಲ."

ಮುಂದೆ ಹೋದೆ. "ಸಾರ್, ಅವ್ನಿಗೆ ಓದಾಕೆ ಬರ್ತಿರ್ಲಿಲ್ಲ. ದಿನಾ ನಾನು ಓದಿ ಹೇಳ್ತಿದ್ದೆ, ಇವತ್ತು ಹೇಳ್ಲಿಲ್ಲ. ಬಾ ಅಂತ ಕರೆದೋನು ನಾನು. ತಪ್ಪು ನಂದು, ಬರ್ಕಳಿ. ಅದ್ರ ಕೆಳಗೆ ಇದ್ನೂ ಬರ್ಕಳಿ: ಆನೆ ತಡೀರಿ ಅಂತ ನಾವು ಬಡ್ಕೊಂಡ್ರೆ ನೀವು ಮೆಸೇಜ್ ಕೊಟ್ರಿ. ಮೆಸೇಜು ಆನೇಗೆ ಅಡ್ಡ ನಿಂತ್ಕಂತದಾ?"

ಮೊದಲನೆಯದನ್ನು ಮಾತ್ರ ಬರೆದುಕೊಂಡರು. 'ಮೃತರ ನಿರ್ಲಕ್ಷ್ಯ' ಹೊಡೆದುಹಾಕಿ 'ಚಾಲಕನ ನಿರ್ಲಕ್ಷ್ಯ' ಎಂದಾಯಿತು. ಪೆನ್ನಿಗೆ ಮುಚ್ಚಳ ಬಿತ್ತು. ಎರಡು ಸಲವೂ ಇಲಾಖೆಯ ಹೆಸರು ಬರಲಿಲ್ಲ.

ಚಟ್ಟ ಎತ್ತುವಾಗ ಹೆಗಲು ಕೊಡಲು ಬಗ್ಗಿದೆ. ವಿಶಾಲಮ್ಮ ಬಿದಿರಿನ ಮೇಲೆ ಕೈಯಿಟ್ಟಳು.

"ನೀನ್ ಮುಟ್‌ಬ್ಯಾಡ ಮೆಹಬೂಬಣ್ಣ."

ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಬೇರೆ ಯಾರೋ ನನ್ನ ಜಾಗಕ್ಕೆ ಬಂದರು. ಲಾರಿಗಳು ಒಂದೊಂದಾಗಿ ಸ್ಟಾರ್ಟ್ ಆದವು. ನಾನು ಜನರ ಹಿಂದೆ, ಎಲ್ಲರಿಗಿಂತ ಹಿಂದೆ, ನಡೆದೆ.