ಇಲ್ಲದ ಬ್ರೇಕು

ನಾನು ಬಾಡಿಗೆಗೆ ಓಡಿದ ಒಂದು ಬೂದು ಬಣ್ಣದ ಕಾರು. ಮನುಷ್ಯರ ಬಗ್ಗೆ ನನ್ನಿಂದ ಒಳ್ಳೆಯ ಮಾತು ಕೇಳಬೇಕೆಂದು ಕುಳಿತವರು ಈಗಲೇ ಎದ್ದು ಹೋಗಬಹುದು. ಕಾರ್ಖಾನೆಯಲ್ಲಿ ನನ್ನನ್ನು ಬೆಸೆದು ಕಟ್ಟಿದ್ದು ಕಬ್ಬಿಣದ ತೋಳುಗಳು. ಅವು ಬಡಾಯಿ ಕೊಚ್ಚುತ್ತಿರಲಿಲ್ಲ, ಸೀಟಿನ ಮೇಲೆ ಚಿಪ್ಸ್ ಉದುರಿಸುತ್ತಿರಲಿಲ್ಲ. ನಾನು ಸುಖವಾಗಿದ್ದದ್ದು ಆಗ ಮಾತ್ರ.

ಅಲ್ಲಿಂದ ನನ್ನನ್ನು ಸ್ಕಾಟ್ಲೆಂಡಿನ ಇನ್ವರ್ನೆಸ್ ಊರಿನ ಬಾಡಿಗೆ ಕಚೇರಿಗೆ ತಂದು ನಿಲ್ಲಿಸಿದರು. ಗಾಲ್ಫ್ ಆಡುವ ಮುದುಕರು ಕೆಸರು ಬೂಟನ್ನು ನನ್ನ ಡ್ಯಾಶ್‌ಬೋರ್ಡಿನ ಮೇಲಿಟ್ಟು ಗೊರಕೆ ಹೊಡೆದರು. ಹೊಸದಾಗಿ ಮದುವೆಯಾದವರು ದಾರಿಯಲ್ಲೇ ಕಚ್ಚಾಡಿ ನನ್ನ ಬಾಗಿಲನ್ನು ಧಡಾರನೆ ಬಡಿದರು. ಎಲ್ಲರೂ ನೂರಾರು ಮೈಲಿ ಓಡಿಸಿಕೊಂಡು ಸರೋವರದ ಹತ್ತಿರ ಬಂದು, ಸರೋವರಕ್ಕೆ ಬೆನ್ನು ತಿರುಗಿಸಿ ಫೋಟೊ ಹೊಡೆದುಕೊಂಡು ಹೋದರು. ನಾನು ಇವರನ್ನೆಲ್ಲ ಹೊತ್ತು ತಿರುಗಿದೆ.

ಇವರೆಲ್ಲರನ್ನೂ ಮೀರಿಸಿದವನು ಗದಗಿನ ಮುರಿಗೆಪ್ಪ. ನನಗೆ ಕನ್ನಡ ಬಂದದ್ದೂ ಅವನಿಂದಲೇ. ಅವನ ಜೊತೆ ಒಂದು ವಾರ ಇದ್ದರೆ ಕಲ್ಲಿಗೂ ಕನ್ನಡ ಬರುತ್ತದೆ, ಅಷ್ಟು ಮಾತು. ಊರಿನಲ್ಲಿ ಅವನದೊಂದು ಡ್ರೈವಿಂಗ್ ಸ್ಕೂಲು. ಅರ್ಧ ಗದಗಿಗೆ ಸ್ಟೇರಿಂಗು ಹಿಡಿಯಲು ಕಲಿಸಿದವನು ತಾನೇ ಎಂದು ಸಿಕ್ಕ ಸಿಕ್ಕವರ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದ. ಜೊತೆಗೆ ಹೆಂಡತಿ ನೀಲಗಂಗಾ. ಒಂದು ಕಾಲಕ್ಕೆ ಅವಳೂ ಅವನ ಶಿಷ್ಯೆಯೇ. ಮೊದಲು ಲೈಸೆನ್ಸು ಸಿಕ್ಕಿತು, ಆಮೇಲೆ ಗುರುವೇ ಗಂಡನಾಗಿ ಸಿಕ್ಕಿದ, ಅಲ್ಲಿಗೆ ಅವಳು ಗಾಡಿ ಓಡಿಸುವುದು ನಿಂತೇಹೋಯಿತು. ಮದುವೆಯ ಬೆಳ್ಳಿಹಬ್ಬಕ್ಕೆ ಈ ಪ್ರವಾಸ ಎಂದಾಗ ಅವಳು ಕೇಳಿದ್ದು ಒಂದೇ: ಅಲ್ಲಿನ ನೀರಿನ ದಂಡೆಯ ರಸ್ತೆಯಲ್ಲಿ ಒಂದು ಸಲ ತಾನು ಓಡಿಸಬೇಕು. ಅವನು ಹೂಂ ಅಂದಿದ್ದ. ಬಾಡಿಗೆ ಕಚೇರಿಯಲ್ಲಿ ಅವಳ ಲೈಸೆನ್ಸನ್ನೂ ತೋರಿಸಿದ್ದ.

ಹೊರಡುವ ಮುನ್ನ ನೀಲಗಂಗಾ ನನ್ನ ಹಣೆಗೆ ವಿಭೂತಿ ಹಚ್ಚಿದಳು. ಮುರಿಗೆಪ್ಪ ಚಕ್ರದಡಿಗೆ ಲಿಂಬೆಹಣ್ಣು ಇಟ್ಟ. ಕಚೇರಿಯ ಹುಡುಗಿ ಬೆರಗಾಗಿ ನೋಡುತ್ತಾ, ಇಲ್ಲಿಯ ಸಣ್ಣ ರಸ್ತೆಗಳ ಪದ್ಧತಿ ಹೇಳಲು ಹತ್ತಿರ ಬಂದಳು. “ನನಗ ಗಾಡಿ ಕಲಸಾಕ ಬಂದಾಳ,” ಎಂದು ಇವನು ತನ್ನ ಕಿಟಕಿ ಏರಿಸಿಬಿಟ್ಟ. ನೀಲಗಂಗಾ ತನ್ನ ಕಡೆಯ ಕಿಟಕಿ ಇಳಿಸಿ ಪೂರ್ತಿ ಕೇಳಿಸಿಕೊಂಡಳು.

ಗ್ಲೆನ್‌ಕೋ ಕಣಿವೆಯಲ್ಲಿ ಮೋಡ ಬೆಟ್ಟದಿಂದ ಕೆಳಗಿಳಿದು ರಸ್ತೆಯ ಪಕ್ಕಕ್ಕೇ ಬಂದಿತ್ತು. ನೀಲಗಂಗಾಳ ಕಣ್ಣು ತುಂಬಿತು. “ಇದೇನ್ ಮಹಾ? ಮಳಿಗಾಲದಾಗ ನಮ್ಮ ಕಪ್ಪತಗುಡ್ಡಾನೂ ಹಿಂಗ ಇರತೈತಿ,” ಎಂದ ಮುರಿಗೆಪ್ಪ, ಪ್ರತಿ ತಿರುವಿಗೂ ಹಾರ್ನು ಬಾರಿಸುತ್ತಾ. ಕೇಳುವುದಕ್ಕೆ ಕುರಿಗಳು ಬಿಟ್ಟರೆ ಯಾರಿದ್ದರು?

“ಈಗ ನಾ ಹೊಡೀಲೇನ್ರಿ?” ಎಂದು ಅವಳು ದಿನಾ ಕೇಳುತ್ತಿದ್ದಳು. ಒಂದು ದಿನ ಮಂಜು ಐತಿ ಅಂದ. ಮರುದಿನ ತಿರುವು ಭಾಳ ಅದಾವ ಅಂದ. ಅದರಾಚೆ ದಿನ ಕುರಿ ಅಡ್ಡ ಬರತಾವ ಅಂದ. ಅವಳು ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಅವನ ಕೈಗಿಡುತ್ತಿದ್ದಳು. ನನಗೆ ಅವಳ ಮೇಲೂ ಅಸಹ್ಯ ಹುಟ್ಟಿತ್ತು. ತನ್ನ ಪಾಲಿನದನ್ನೇ ಬೇಡಿ ಕೇಳುವವಳಿಗೆ ನಾನೇಕೆ ಮರುಗಬೇಕು?

ಕೊನೆಯ ದಿನದ ಸಂಜೆ ಬಂತು. ಎಡಕ್ಕೆ ಉದ್ದಕ್ಕೂ ನೀರು, ಒಂದೇ ಗಾಡಿ ಹಿಡಿಸುವ ರಸ್ತೆ, ಅಲ್ಲಲ್ಲಿ ಎದುರಿನವರಿಗೆ ದಾರಿ ಬಿಡಲು ಸ್ವಲ್ಪ ಅಗಲ ಮಾಡಿದ ಜಾಗ. ಮುರಿಗೆಪ್ಪ ಅಂಥದೊಂದು ಜಾಗ ದಾಟಿದ್ದನಷ್ಟೆ, ದೂರದಲ್ಲಿ ಕುರಿ ತುಂಬಿದ ಟ್ರೈಲರ್ ಎಳೆದುಕೊಂಡು ಒಂದು ಪಿಕಪ್ ಗಾಡಿ ಕಾಣಿಸಿತು. ಇವನು ನನ್ನ ಲೈಟುಗಳನ್ನು ಎರಡು ಸಲ ಮಿನುಗಿಸಿದ. ಗದಗಿನಲ್ಲಿ ಅದಕ್ಕೆ ‘ನಾ ಬರಾಕತ್ತೀನಿ, ಬಾಜೂಕ ಸರಿ’ ಎಂದರ್ಥ. ಇಲ್ಲಿ ‘ನಾನು ನಿಂತಿದ್ದೇನೆ, ನೀವು ಬನ್ನಿ’ ಎಂದರ್ಥ. ಕುರಿಯವನು ಕೈಯೆತ್ತಿ ಧನ್ಯವಾದ ಹೇಳಿ ಮುಂದೆ ಬಂದ.

“ಲೈಟ್ ಹೊಡದ್ರೂ ಬರಾಕತ್ಯಾನ, ಸೊಕ್ಕು ನೋಡು,” ಎಂದು ಇವನು ಮತ್ತೆ ಮಿನುಗಿಸಿದ. ಆತ ಮತ್ತೆ ಕೈಯೆತ್ತಿದ. ನನ್ನ ಕಣ್ಣಿನಿಂದಲೇ ಆತನನ್ನು ಕರೆಸಿ, ನನ್ನ ಬಾಯಿಯಿಂದಲೇ ಹಾರ್ನು ಬಾರಿಸಿ ಬೈಯಿಸಿದ ಮಹಾಶಯ ಇವನು. ಕೊನೆಗೆ ಇಬ್ಬರೂ ಮೂತಿಗೆ ಮೂತಿ ನಿಂತೆವು. ಟ್ರೈಲರ್ ಕಟ್ಟಿಕೊಂಡು ಆತ ಅಷ್ಟು ದೂರ ಹಿಂದೆ ಹೋಗುವಂತಿರಲಿಲ್ಲ. ಅರ್ಧ ಗದಗಿನ ಗುರು ಗಡಿಬಿಡಿಯಲ್ಲಿ ರಿವರ್ಸ್ ಹಾಕಿ ನನ್ನ ಹಿಂದಿನ ಚಕ್ರವನ್ನು ಕೆಸರು ಗುಂಡಿಗೆ ಇಳಿಸಿದ.

ಕುರಿಯವನು ಹಗ್ಗ ಕಟ್ಟಿ ನನ್ನನ್ನು ಮೇಲಕ್ಕೆಳೆದ. “ಬಾ ಅಂತ ಕರೆದದ್ದು ನೀವೇ ಅಲ್ಲವೇ?” ಎಂದು ತನ್ನ ಭಾಷೆಯಲ್ಲಿ ಕೇಳಿದ, ಸಿಟ್ಟಿಲ್ಲದೆ. ನೀಲಗಂಗಾ ಗಂಡನಿಗೆ ಅದನ್ನು ತಿಳಿಸಿ ಹೇಳಿದಳು: “ಆ ಹುಡುಗಿ ಮೊದಲನೇ ದಿನಾನ ಹೇಳಿದ್ಲು. ನೀವು ಕಿಟಕಿ ಏರಿಸಿದ್ರಿ.”

“ಮತ್ತ ನೀ ಯಾಕ ಹೇಳಲಿಲ್ಲ?”

“ನಿಮಗ ಯಾರ್ ಹೇಳಬೇಕ್ರಿ? ಕೀ ಕೊಡ್ರಿ.”

ಅವನು ಮುಷ್ಟಿ ಬಿಗಿ ಹಿಡಿದ. “ಇಲ್ಲೆ ಬ್ಯಾಡ, ಸಣ್ಣ ರಸ್ತೆ.”

“ಇವತ್ತ ಕಡೇ ದಿನ. ಕೀ ಕೊಡ್ರಿ.”

ಅವನು ಕೊಟ್ಟ. ಹೆಂಡತಿಗೆ ಕೊಟ್ಟ ಮಾತು ನೆನಪಾಗಿ ಅಲ್ಲ, ಕುರಿಯವನು ನೋಡುತ್ತಿದ್ದಾನಲ್ಲ ಎಂಬ ನಾಚಿಕೆಗೆ. ಆಮೇಲೆ ನನ್ನ ಹಿಂದೆ ನಿಂತು, ನನ್ನ ಬೆನ್ನು ಬಡಿಯುತ್ತಾ, “ಬರ್ಲಿ, ಬರ್ಲಿ, ಹೋಲ್ಡಾನ್,” ಎಂದು ಕೂಗತೊಡಗಿದ. ಅವಳು ಅವನ ಕಡೆ ನೋಡಲೇ ಇಲ್ಲ. ಕನ್ನಡಿ ನೋಡಿಕೊಂಡು ನನ್ನನ್ನು ಆ ಅಗಲ ಜಾಗಕ್ಕೆ ಸೇರಿಸಿದಳು. ಟ್ರೈಲರ್ ಹೋದ ಮೇಲೆ ಕೆಳಗೆ ನಿಂತಿದ್ದ ಗಂಡನಿಗೆ ಎಡಗಡೆಯ ಬಾಗಿಲು ತೆರೆದಳು.

ಸ್ಕೂಲಿನ ಕಾರಿನಲ್ಲಿ ಗುರು ಕೂರುವ ಎಡಗಡೆಗೂ ಒಂದು ಬ್ರೇಕ್ ಇರುತ್ತದಂತೆ. ಮುರಿಗೆಪ್ಪನ ಕಾಲಿಗೆ ಅದೇ ರೂಢಿ. ನೀರಿನ ದಂಡೆಗುಂಟ ಅವಳು ನನ್ನನ್ನು ಓಡಿಸಿದಷ್ಟು ಹೊತ್ತೂ ಅವನು ನನ್ನ ಬರಿ ನೆಲವನ್ನು ಒದೆದ. ತಿರುವಿಗೊಂದು, ಇಳಿಜಾರಿಗೊಂದು, ಸುಮ್ಮನೆ ಒಂದು. ರಬ್ಬರಿನ ಮ್ಯಾಟು ಅಲ್ಲೇ ಹರಿಯಿತು.

“ಅಲ್ಲೆ ಬ್ರೇಕ್ ಇಲ್ರಿ,” ಎಂದಳು ನೀಲಗಂಗಾ, ರಸ್ತೆಯಿಂದ ಕಣ್ಣು ಕೀಳದೆ, ಗೇರು ಏರಿಸುತ್ತಾ.

ಮತ್ತೆ ಎಷ್ಟೋ ಜನ ಕೂತರು, ಎದ್ದರು. ಬಾಡಿಗೆಯವರು ಸಾಕೆಂದು ಒಬ್ಬ ಬೇಕರಿಯವನಿಗೆ ಮಾರಿದರು. ಅವನು ಹಿಟ್ಟು ಚೆಲ್ಲಿ ಚೆಲ್ಲಿ ನನ್ನ ಉಸಿರು ಕಟ್ಟಿಸಿದ. ಈಗ ಗುಜರಿಯಲ್ಲಿದ್ದೇನೆ, ಎಂಜಿನ್ ಇಲ್ಲ, ಚಕ್ರ ಇಲ್ಲ. ನಿನ್ನೆ ಗುಜರಿಯವನು ಒಳಗೆ ಬಗ್ಗಿ ಮ್ಯಾಟು ಎಳೆದು, ಡ್ರೈವರ್ ಕೂರದ ಕಡೆ ಇಷ್ಟು ದೊಡ್ಡ ತೂತು ಹೇಗೆ ಬಿತ್ತೆಂದು ತಲೆ ಕೆರೆದುಕೊಂಡ.

ನನ್ನಲ್ಲಿ ಕೂತವರೆಲ್ಲ ತುಳಿದಾಗ ನಾನು ನಿಂತಿದ್ದೇನೆ. ಆ ಸಂಜೆ ಒಬ್ಬ ಅಷ್ಟು ತುಳಿದರೂ ನಾನು ನಿಲ್ಲಲಿಲ್ಲ.